ನಂಜುಂಡಾಚಾರಿಯವರ ಹೆಬ್ಬೆರಳು

ನಂಜುಂಡಾಚಾರಿಯವರ ಬಲಗೈ ಹೆಬ್ಬೆರಳಿನ ತುದಿಯಲ್ಲಿ ಒಂದು ಸೀಳು ಇತ್ತು. ಚಿಕ್ಕಂದಿನಲ್ಲಿ ಕರಗಿದ ಕಬ್ಬಿಣದ ಹನಿ ಸಿಡಿದು ಆದ ಗಾಯ. ವಾಸಿಯಾದ ಮೇಲೂ ಅಲ್ಲಿ ರಾಗಿ ಕಾಳು ಕೂರುವಷ್ಟು ಹಳ್ಳ ಉಳಿದಿತ್ತು. ಮಾತಾಡುವಾಗಲೆಲ್ಲ ಅವರು ಆ ಬೆರಳನ್ನು ಏನಕ್ಕಾದರೂ ಉಜ್ಜುತ್ತಿದ್ದರು: ಬಾಗಿಲಿನ ಚಿಲಕ, ನನ್ನ ಸೈಕಲ್ಲಿನ ಪೆಡಲು, ಬಾವಿಯ ರಾಟೆ. ಎರಕದ ಕಬ್ಬಿಣ ಸಿಕ್ಕಿತೆಂದರೆ ಮಾತು ಅರ್ಧಕ್ಕೇ ನಿಲ್ಲುತ್ತಿತ್ತು.

ಆಗ ರಾಜಾಜಿನಗರ ಅರ್ಧ ಮನೆ, ಅರ್ಧ ಬಯಲು. ಉಪಾಧ್ಯಾಯರ ತರಬೇತಿ ಮುಗಿಸಿ ಅಲ್ಲಿನ ಶಾಲೆಗೆ ಹೊಸದಾಗಿ ಬಂದಿದ್ದ ನನಗೆ ಆಚಾರ್ರು ಪಕ್ಕದ ಮನೆಯವರು. ತರಬೇತಿ ಶಾಲೆಯ ಗಂಟೆ ನನ್ನ ಮೈಗೆ ಹತ್ತಿಹೋಗಿತ್ತು. ಐದಕ್ಕೆ ಏಳುವುದು, ಐದೂವರೆಗೆ ಸ್ನಾನ, ಆರಕ್ಕೆ ಓದು, ಇವತ್ತಿಗೂ ತಪ್ಪಿಲ್ಲ. ಆಚಾರ್ರ ಮನೆಯಲ್ಲಿ ಗಡಿಯಾರವೇ ಇರಲಿಲ್ಲ. ನಾನು ಹೊತ್ತಾಯಿತು ಎಂದರೆ, “ಕಬ್ಬಿಣ ಗಂಟೆ ನೋಡಿ ಕರಗಲ್ಲ ಮೇಷ್ಟ್ರೇ” ಎನ್ನುತ್ತಿದ್ದರು.

ಅವರು ಹದಿನಾಲ್ಕು ವರ್ಷ ಒಂದೇ ಫೌಂಡ್ರಿಯಲ್ಲಿ ಅಚ್ಚು ಕಟ್ಟುವ ಕೆಲಸದಲ್ಲಿದ್ದವರು. ಮರದ ಪೆಟ್ಟಿಗೆಯಲ್ಲಿ ಹಸಿ ಮರಳು ತುಂಬಿ, ಅದರಲ್ಲಿ ಬೇಕಾದ ಆಕಾರ ಮೂಡಿಸಿ, ಕರಗಿದ ಕಬ್ಬಿಣ ಹೊಯ್ಯಲು ಸಿದ್ಧ ಮಾಡುವುದು. ಮರಳಿನ ಚೂಪು ಅಂಚುಗಳನ್ನು ಉಳಿದವರು ಹಿತ್ತಾಳೆಯ ಚಮಚದಂಥ ಸಲಕರಣೆಯಿಂದ ನಯಮಾಡುತ್ತಿದ್ದರು. ಆಚಾರ್ರು ಹೆಬ್ಬೆರಳಿನಿಂದ. ಹಾಗಾಗಿ ಅವರು ಕಟ್ಟಿದ ಅಚ್ಚಿನಿಂದ ಬಂದ ಎರಕದ ಮೂಲೆಗಳಲ್ಲೆಲ್ಲ, ಆ ಗಾಯದ ದೆಸೆಯಿಂದ, ಒಂದು ಸಣ್ಣ ಗೆರೆ ಬೀಳುತ್ತಿತ್ತು. ಕಣ್ಣಿಗೆ ಕಷ್ಟ, ಉಗುರು ಆಡಿಸಿದರೆ ಸಿಗುತ್ತಿತ್ತು.

ಹೆಂಡತಿ ತೀರಿಕೊಂಡಿದ್ದರು, ಮಗಳನ್ನು ತುಮಕೂರಿಗೆ ಕೊಟ್ಟಿದ್ದರು. ಅವರಿಗೆ ಉಳಿದಿದ್ದುದು ಒಂದೇ ಆಸೆ.

“ತೂಕದ ಬಟ್ಟು, ಪಂಪಿನ ಮೈ, ಗಾಣದ ಉರುಳೆ. ಇಷ್ಟೇ ಆಯ್ತು ಮೇಷ್ಟ್ರೇ ನನ್ನ ಬದುಕು. ಒಳಗೆ ನಿಂತ್ಕೊಂಡು ಅಚ್ಚು ಕಟ್ಟೋ ಅಂಥದ್ದು, ಒಂದು ಕೋಣೆ ಅಷ್ಟು ದೊಡ್ಡದು, ಒಂದೇ ಒಂದು ಹೊಯ್ದುಬಿಡ್ಬೇಕು.”

ಆಫ್ರಿಕಾದ ಮೊಂಬಾಸಾ ಬಂದರಿನ ಕಾರ್ಖಾನೆಗೆ ಅಚ್ಚು ಕಟ್ಟುವವರು ಬೇಕೆಂಬ ಜಾಹೀರಾತನ್ನು ಇಂಗ್ಲಿಷ್ ಪತ್ರಿಕೆಯಲ್ಲಿ ಕಂಡು ಅವರಿಗೆ ಓದಿ ಹೇಳಿದವನು ನಾನೇ. ಅರ್ಜಿಯನ್ನು ಬೊಂಬಾಯಿಯ ಏಜೆಂಟರಿಗೆ ಕಳಿಸಬೇಕು. ಹತ್ತು ವರ್ಷದ ಅನುಭವಕ್ಕೆ ಹಳೆಯ ಮಾಲೀಕರ ಸರ್ಟಿಫಿಕೇಟು ಲಗತ್ತಿಸಬೇಕು. ತೊಡಕು ಅಲ್ಲೇ ಇತ್ತು. ಮಾಲೀಕರು ಹಿಂದಿನ ವರ್ಷ ತೀರಿಕೊಂಡಿದ್ದರು. ಫೌಂಡ್ರಿ ಮಾರಾಟವಾಗಿ ಅಲ್ಲಿ ಸಾಬೂನು ಮಾಡುತ್ತಿದ್ದರು. ಹಾಜರಿ ಪುಸ್ತಕಗಳು ರದ್ದಿಗೆ ಹೋಗಿ, ಕಡಲೆಕಾಯಿ ಪೊಟ್ಟಣಗಳಾಗಿ ಮುಗಿದಿದ್ದವು. ನಾನು ಇದನ್ನೆಲ್ಲ ವಿವರಿಸಿ ಒಳ್ಳೆಯ ಇಂಗ್ಲಿಷಿನಲ್ಲಿ ಅರ್ಜಿ ಬರೆದೆ. ಅದು ಹಾಗೆಯೇ ವಾಪಸು ಬಂತು. ಅರ್ಜಿದಾರರು ಹೇಳಿಕೊಳ್ಳುವುದು ಸಾಲದು, ಕೆಲಸ ಮಾಡಿದ್ದನ್ನು ಬಲ್ಲ ಬೇರೆಯವರ ಬರಹ ಬೇಕು, ಎರಡು ತಿಂಗಳೊಳಗೆ ಕಳಿಸಿ, ಎಂದು ಒಂದು ಚೀಟಿ ಜೊತೆಗಿತ್ತು.

ಮಾಗಡಿ ರಸ್ತೆಯಲ್ಲಿ ಇನ್ನೊಂದು ಫೌಂಡ್ರಿ ಇತ್ತು. ಅದರ ಮಾಲೀಕರು ಉದಾರಿಗಳು. ಕೇಳಿದ ಕೂಡಲೇ, ಆಚಾರ್ರು ಹದಿನಾಲ್ಕು ವರ್ಷವೂ ತಮ್ಮಲ್ಲೇ ದುಡಿದರೆಂದು ಮೊಹರು ಹಾಕಿ ಬರೆದುಕೊಟ್ಟರು. ಸುಳ್ಳು ಕಾಗದವೆಂದು ನಾನು ಒಳಗೊಳಗೇ ಚಡಪಡಿಸುತ್ತಿದ್ದೆ. ಆಚಾರ್ರು ಅದನ್ನು ಮಡಚಿ ಜೇಬಿಗಿಟ್ಟುಕೊಂಡು ಹೊರಟವರು, ಬಾಗಿಲ ಬಳಿ ಜೋಡಿಸಿಟ್ಟಿದ್ದ ಪಂಪುಗಳ ಮೇಲೆ ಬೆರಳಾಡಿಸಿ ನಿಂತುಬಿಟ್ಟರು. ಅವುಗಳ ಮೈತುಂಬ ಸೂಜಿಮೊನೆಯಂಥ ತೂತುಗಳು. ಒಳಗೆ ಹೋಗಿ ಕಾಗದ ಹಿಂದಿರುಗಿಸಿ ಬಂದರು.

“ಸುಳ್ಳು ಅಂತ ಬೇಡ ಅಂದ್ರಾ?” ಎಂದು ಮೆಚ್ಚಿಗೆಯಿಂದ ಕೇಳಿದೆ.

“ಸುಳ್ಳು ಇದ್ರೆ ಇರ್ಲಿ ಮೇಷ್ಟ್ರೇ. ಹದಿನಾಲ್ಕು ವರ್ಷ ಈ ಹಾಳು ಎರಕ ಎಲ್ಲಾ ನಾನೇ ಮಾಡ್ದೆ ಅಂತ ಆಗೋಗುತ್ತಲ್ಲ.”

ಅವತ್ತು ರಾತ್ರಿ ಯೋಚಿಸಿ ನಾನೊಂದು ಯೋಜನೆ ಹಾಕಿದೆ. ಬರೆದುಕೊಡಲು ಮಾಲೀಕರಿಲ್ಲ, ನಿಜ. ಆದರೆ ಆಚಾರ್ರ ಕೈಕೆಲಸ ಸುತ್ತಲಿನ ಊರುಗಳಲ್ಲಿ ಇನ್ನೂ ಓಡುತ್ತಿದೆ. ಇಟ್ಟುಕೊಂಡವರೇ ಬರೆದುಕೊಡಲಿ. ಹನ್ನೆರಡು ಹಾಳೆಗಳಿಗೆ ಕ್ರಮಸಂಖ್ಯೆ ಹಾಕಿ, ಒಂದೊಂದಕ್ಕೂ ನಕಲು ಜೋಡಿಸಿದೆ. ವಸ್ತು, ಇರುವ ಊರು, ಎಷ್ಟು ವರ್ಷದಿಂದ ಇದೆ, ಹೆಬ್ಬೆರಳಿನ ಗೆರೆ ಯಾವ ಮೂಲೆಯಲ್ಲಿದೆ. ಕೊನೆಯಲ್ಲಿ ‘ಕಣ್ಣಾರೆ ಕಂಡವರ ಸಹಿ’ ಎಂದು ಬರೆದು ಜಾಗ ಬಿಟ್ಟೆ. ಎರಕದ ಮೇಲಿನ ಗೆರೆಯನ್ನು ಉಗುರಿನಿಂದ ಮುಟ್ಟಿ ನೋಡಿದವರು ಮಾತ್ರ ಸಹಿ ಹಾಕಬೇಕು. ಇದು ನನ್ನ ಕಟ್ಟುನಿಟ್ಟು.

ಭಾನುವಾರಗಳಲ್ಲಿ ಎರಡು ಸೈಕಲ್ಲಿನಲ್ಲಿ ಹೊರಡುತ್ತಿದ್ದೆವು. ಮಾರೇನಹಳ್ಳಿಯ ಹಿಟ್ಟಿನ ಗಿರಣಿಗೆ ಎಂಟು ಗಂಟೆ, ಕೆಂಗೇರಿಯ ತೋಟದ ಪಂಪಿಗೆ ಹತ್ತೂವರೆ ಎಂದು ನಾನು ಬರೆದುಕೊಂಡಿರುತ್ತಿದ್ದೆ. ಆಚಾರ್ರು ದಾರಿಯಲ್ಲಿ ಕಂಡ ಗಾಡಿಯ ಚಕ್ರದ ಗುಂಬ, ಅಂಗಡಿಯ ತಕ್ಕಡಿ ಎಲ್ಲವನ್ನೂ ಇಳಿದು ಮುಟ್ಟಿ, “ನಮ್ಮದಲ್ಲ” ಎಂದು ಮತ್ತೆ ಹತ್ತುತ್ತಿದ್ದರು. ಕೆಂಗೇರಿ ಮುಟ್ಟಿದಾಗ ಒಂದು ಗಂಟೆ.

ಹೇರೋಹಳ್ಳಿಯ ಆಲೆಮನೆಯನ್ನು ಮರೆಯಲಾರೆ. ಗಾಣದ ಕೆಳಗೆ ಮಲಗಿ ಕೈ ಆಡಿಸಿದ ಆಚಾರ್ರು, “ಇದು ನಂದೇ” ಎಂದು ಕೂಗಿದರು. ಗಾಣದ ಯಜಮಾನ ಚಿಕ್ಕಣ್ಣನ ಮುಖ ಕಪ್ಪಿಟ್ಟಿತು. ನಾನು ಹಾಳೆ ಮುಂದೆ ಹಿಡಿದರೆ ಕೈ ಹಿಂದಕ್ಕೆ ಕಟ್ಟಿಕೊಂಡ.

“ಆರು ವರ್ಷದಿಂದ ನಮ್ಮನೇಲಿರೋ ಗಾಣ ಸಾಮಿ. ಈಗ ಬಂದು ನಂದು ಅಂತ ಬರೆಸ್ಕೊಂಡು ಹೋದ್ರೆ ನಾಳೆ ಬಿಚ್ಕೊಂಡು ಹೋಗಲ್ಲ ಅಂತ ಏನು ಗ್ಯಾರಂಟಿ?”

ನಾನು ಅರ್ಧ ಗಂಟೆ, ಪಾಠ ಮಾಡುವಂತೆ, ತಿಳಿಸಿ ಹೇಳಿದೆ. ಅವನು ಕದಲಲಿಲ್ಲ. ಕೊಪ್ಪರಿಗೆಯ ಬಳಿ ಬೆಲ್ಲ ಕೆರೆಯುತ್ತಿದ್ದ ಅವನ ತಾಯಿ ಕೊನೆಗೆ ತಲೆಯೆತ್ತಿದಳು.

“ಲೋ ಚಿಕ್ಕಾ, ನಿನ್ನ ಹೆತ್ತೋಳು ನಾನು ಅಂದ್ರೆ ನಿನ್ನ ಹೆಂಡ್ತಿ ಹತ್ರದಿಂದ ಎಳ್ಕೊಂಡು ಹೋದಂಗಾ? ಅವರು ಮಾಡ್ದೋರು, ನೀನು ಬಾಳಿಸ್ತಿರೋನು. ಬರ್ಕೊಡೋ, ಪುಣ್ಯಾತ್ಮ ದೂರ ಹೋಗ್ಬೇಕಂತೆ.”

ಅವಳೇ ಬಗ್ಗಿ ಗೆರೆಯನ್ನು ಉಗುರಿನಿಂದ ಮುಟ್ಟಿದಳು. ಮಗ ಸಹಿ ಹಾಕಿದ ಮೇಲೆ ನಮ್ಮ ಕೈಗೆ ಬಿಸಿ ಬೆಲ್ಲ ಇಟ್ಟಳು. ಹಾಳೆಗೆ ಬೆಲ್ಲ ಮೆತ್ತಿತು. ಬೇರೆ ಬರೆಸೋಣವೆಂದು ನಾನು ಪಟ್ಟು ಹಿಡಿದೆ. “ಬಿಡಿ ಮೇಷ್ಟ್ರೇ, ಗಾಣ ಓಡ್ತಾ ಇದೆ ಅಂತ ಗೊತ್ತಾಗ್ಲಿ” ಎಂದರು ಆಚಾರ್ರು.

ಹನ್ನೊಂದು ಹಾಳೆ ತುಂಬಿದವು. ಹನ್ನೆರಡನೆಯದು ತಿಪಟೂರಿನ ಎಣ್ಣೆ ಗಿರಣಿಯ ದೊಡ್ಡ ಚಕ್ರಕ್ಕೆಂದು ಇಟ್ಟದ್ದು. ಆಳೆತ್ತರದ ಚಕ್ರ, ಅವರ ಕೆಲಸದಲ್ಲೆಲ್ಲ ದೊಡ್ಡದು. ಆದರೆ ಶಾಲೆಯ ಪರೀಕ್ಷೆ ಶುರುವಾಗಿತ್ತು, ಗಡುವು ಮುಗಿಯುತ್ತಿತ್ತು, ಹೋಗಿಬರಲು ದಿನವಿರಲಿಲ್ಲ.

“ನೀವೇ ಒಂದು ಸಹಿ ಹಾಕ್ಬಿಡಿ. ಗೆರೆ ಇದ್ದೇ ಇರುತ್ತೆ. ನಾನು ಹೇಳ್ತಾ ಇದೀನಲ್ಲ” ಎಂದರು.

“ನಾನು ನೋಡಿಲ್ಲವಲ್ಲ ಆಚಾರ್ರೇ.”

ಅವರು ನನ್ನ ಮೇಜಿನ ಅಂಚನ್ನು ಒಮ್ಮೆ ಉಜ್ಜಿದರು. “ಸರಿ, ನೋಡಿಲ್ಲ” ಎಂದು ಎದ್ದುಹೋದರು. ಹನ್ನೊಂದೇ ಕಳಿಸಿದೆ. ಉತ್ತರ ಬರುವವರೆಗಿನ ಮೂರು ವಾರ, ದೊಡ್ಡದನ್ನೇ ಬಿಟ್ಟು ಕಳಿಸಿದೆನಲ್ಲ ಎಂದು ನನಗೆ ಸರಿಯಾಗಿ ನಿದ್ದೆ ಬರಲಿಲ್ಲ. ಆದರೂ ಐದಕ್ಕೇ ಏಳುತ್ತಿದ್ದೆ.

ಬೊಂಬಾಯಿಗೆ ಬರಬೇಕೆಂದು ಕಾಗದ ಬಂತು. ಹೋಗಿಬಂದ ಆಚಾರ್ರು ನನ್ನ ಬಾಗಿಲಲ್ಲಿ ನಗುತ್ತ ನಿಂತರು.

“ಒಬ್ಬ ಮುದಿ ಬಿಳಿ ದೊರೆ ಕೂತಿದ್ದ. ನಿಮ್ಮ ಕಾಗದ ಎಲ್ಲಾ ಬದೀಗಿಟ್ಟು ನನ್ನ ಬೆರಳು ಬೆಳಕಿಗೆ ಹಿಡಿದ. ಆಮೇಲೆ ತನ್ನ ಎಡಗೈ ತೋರಿಸ್ದ. ಅದ್ರಲ್ಲಿ ಎರಡು ಬೆರಳೇ ಇರ್ಲಿಲ್ಲ ಮೇಷ್ಟ್ರೇ, ಅವನೂ ಎರಕದೋನೇ. ಇಬ್ಬರಿಗೂ ನಗು ಬಂತು. ಒಂದು ಅಚ್ಚು ಕಟ್ಟಿಸ್ದ, ಮುಗೀತು.”

“ಕಾಗದ ಓದಿದ್ದಕ್ಕೇ ಬೆರಳು ಕೇಳಿದ್ದು” ಎಂದೆ, ಸ್ವಲ್ಪ ಬಿಗಿಯಾಗಿ.

“ಅದೂ ಹೌದನ್ನಿ.”

ಅವರನ್ನು ರೈಲು ಹತ್ತಿಸಲು ಅರ್ಧ ದಿನ ರಜೆ ಹಾಕಿದ್ದೆ, ಆ ವರ್ಷದ ನನ್ನ ಒಂದೇ ರಜೆ. ಪ್ಲಾಟ್‌ಫಾರ್ಮಿನ ಕಂಬಕ್ಕೆ ಬೆರಳು ಒತ್ತಿ, “ನಮ್ಮದಲ್ಲ” ಎಂದರು. ರೈಲು ಕದಲಿತು. ಅದೇ ನಾನು ಕೇಳಿದ ಅವರ ಕೊನೆಯ ಮಾತು.

ಅಲ್ಲಿಂದ ಎರಡು ಕಾಗದ ಬಂದವು. ಮೊದಲನೆಯದರಲ್ಲಿ ಸಂತೋಷವಿರಲಿಲ್ಲ. ಅಲ್ಲಿ ಅಂಚು ನಯಮಾಡಲು ಸಲಕರಣೆಯನ್ನೇ ಬಳಸಬೇಕಂತೆ, ಬೆರಳು ಸೋಕಿಸುವ ಹಾಗಿಲ್ಲವಂತೆ. ‘ಎಲ್ಲರ ಕೆಲಸವೂ ಒಂದೇ ಥರ ಕಾಣುತ್ತದೆ. ನಾಳೆ ಇಲ್ಲಿಂದ ಇನ್ನೊಂದು ಊರಿಗೆ ಹೋಗಬೇಕಾದರೆ ಏನನ್ನು ತೋರಿಸಲಿ’ ಎಂದು ಕೇಳಿದ್ದರು. ಎರಡನೆಯದು ನಾಲ್ಕೇ ಸಾಲು. ‘ಹಡಗು ರಿಪೇರಿಯ ಕಟ್ಟೆಯಿಂದ ನೀರೆತ್ತುವ ದೊಡ್ಡ ಪಂಪು ಹೊಯ್ದೆವು. ಕೋಣೆಯಷ್ಟಿದೆ. ಒಳಗೆ ನಿಂತು ಅಚ್ಚು ಕಟ್ಟಿದೆ. ನೀರು ಹರಿಯುವ ಕಡೆ, ಯಾರಿಗೂ ಕಾಣದ ಮೂಲೆಯಲ್ಲಿ, ಒಂದು ಸಲ ಬೆರಳು ಎಳೆದಿದ್ದೇನೆ.’

ಮರುವರ್ಷ ತುಮಕೂರಿನಿಂದ ಅವರ ಮಗಳ ಕಾರ್ಡು ಬಂತು. ಆಚಾರ್ರು ಜ್ವರದಲ್ಲಿ ಮೊಂಬಾಸಾದಲ್ಲೇ ತೀರಿಕೊಂಡಿದ್ದರು.

ಶಾಲೆಯಿಂದ ಬಂದು, ಕೈಕಾಲು ತೊಳೆದು, ಪೆಟ್ಟಿಗೆಯಿಂದ ನಕಲುಗಳ ಕಟ್ಟು ತೆಗೆದೆ. ಹನ್ನೆರಡನೆಯ ಹಾಳೆ ಖಾಲಿಯಾಗಿಯೇ ಇತ್ತು. ತಿಪಟೂರಿನ ಚಕ್ರದ ವಿವರ ಬರೆದೆ. ಅದರ ಕೆಳಗೆ ಮೊಂಬಾಸಾದ ಪಂಪು, ಒಳಮೂಲೆಯಲ್ಲಿ ಗೆರೆ ಇದೆ, ಎಂದು ಬರೆದೆ. ಕಣ್ಣಾರೆ ಕಂಡವರ ಸಹಿ ಎಂದಿದ್ದ ಕಡೆ ನನ್ನ ಹೆಸರು ಹಾಕಿ, ಶಾಯಿ ಆರಿದ ಮೇಲೆ, ಕಟ್ಟನ್ನು ಕ್ರಮವಾಗಿ ಕಟ್ಟಿ ಒಳಗಿಟ್ಟೆ.