ಅವರ ಮಾತು ಅವರ ಬಾಯಿಂದ

ನಮ್ಮವರಿಗೆ ಹೊಟ್ಟೆಯ ಕ್ಯಾನ್ಸರ್. ಕೀಮೋ ನಡೆಯುತ್ತಿದ್ದಾಗ ನೆರೆಯವರೊಬ್ಬರು ನಮ್ಮ ಡೊಂಬಿವಲಿಯಲ್ಲೇ ಇರುವ ಒಬ್ಬ ಡಾಕ್ಟರಮ್ಮನ ಬಗ್ಗೆ ಹೇಳಿದರು. ಬಿಲ್ಡಿಂಗಿನ ಕೆಳಗೆ ಸಣ್ಣ ಕ್ಲಿನಿಕ್, ಮರಾಠಿಯವರು. ದೊಡ್ಡ ಆಸ್ಪತ್ರೆಯ ಮದ್ದು ಬಿಡಿ ಎಂದು ಅವರು ಹೇಳುವವರಲ್ಲ. ನಿದ್ದೆ ಬರ್ತದಾ, ಏನು ತಿಂದರೆ ಸೇರ್ತದೆ, ಮನಸ್ಸಿಗೆ ಯಾವುದರ ಹೆದರಿಕೆ, ಎಲ್ಲ ಕೂರಿಸಿ ಕೇಳುವರು. ಅಂಥವರು ಸಿಕ್ಕಿದ್ದೇ ಕೃಷ್ಣನ ದಯೆ ಅಂದುಕೊಂಡೆ.

ಡಾಕ್ಟರಮ್ಮ ಕೇಳುವುದು ನಮ್ಮವರನ್ನು, ಹೇಳುವುದು ನಾನು. ನಮ್ಮಲ್ಲಿ ಹಾಗೇ. ಬೆಳಗಿನ ಮೊದಲ ಲೋಕಲ್ ರೈಲು ಹಿಡಿದು ವಾಗ್ಳೆ ಎಸ್ಟೇಟಿನ ತಮ್ಮ ಹೋಟೆಲಿಗೆ ಹೋದರೆ ಮಕ್ಕಳು ಮಲಗಿದ ಮೇಲೆ ಬರುವ ಮನುಷ್ಯ. ಶಾಲೆಯಿರಲಿ, ಬ್ಯಾಂಕಿರಲಿ, ನೆಂಟರ ಮನೆಯಿರಲಿ, ಮಾತೆಲ್ಲ ನನ್ನದು. ಪಕ್ಕದಲ್ಲಿ ಅವರು ತಲೆಯಾಡಿಸುವರು.

"ನೋವು ಯಾವಾಗ ಬರ್ತದೆ?" ಡಾಕ್ಟರಮ್ಮ ಇವರನ್ನು ಕೇಳಿದರು.

"ಉಂಡ ಮೇಲೆ, ಎಡಗಡೆ," ಅಂದೆ.

ಡಾಕ್ಟರಮ್ಮ ನಕ್ಕರು. ನಮ್ಮನ್ನು ಮರಾಠಿಯಲ್ಲಿ ಚಿಕ್ಕಮ್ಮ, ಚಿಕ್ಕಪ್ಪ ಎಂದೇ ಕರೆಯುವರು. "ಕಾಕು, ಹೊಟ್ಟೆ ನಿಮ್ಮದಾ, ಕಾಕಾನದಾ?"

"ಹೋಟೆಲಲ್ಲಿ ನಾನು ಸೇಟ್," ಅಂದರು ಇವರು. "ಮನೆಯಲ್ಲಿ ಇವಳು."

ಆಮೇಲೆ ಡಾಕ್ಟರಮ್ಮ ನನ್ನನ್ನು ಸ್ವಲ್ಪ ಹೊರಗೆ ಕೂರಲು ಹೇಳಿದರು. ಸಿಟ್ಟು ಬಂತು. ಬೆಂಚಿನಲ್ಲಿ ಕೂತು ವಿಷ್ಣುಸಹಸ್ರನಾಮ ಶುರುಮಾಡಿದೆ, ಮಧ್ಯದಲ್ಲಿ ತಪ್ಪಿತು, ಮತ್ತೆ ಮೊದಲಿನಿಂದ ಹಿಡಿದೆ. ಅಷ್ಟರಲ್ಲಿ ಒಳಗೆ ಕರೆದರು.

"ಕಾಕಾ, ನೀವೇ ಹೇಳಿ."

ನಾವಿಬ್ಬರು ಮಾತಾಡುವುದು ತುಳುವಿನಲ್ಲಿ. ಅವತ್ತು ಅವರು ಹೋಟೆಲಿನ ಗಲ್ಲಾಪೆಟ್ಟಿಗೆಯ ಹಿಂದೆ ಕೂತು ಗಿರಾಕಿಗೆ ಹೇಳುವ ಹಾಗೆ ಹಿಂದಿಯಲ್ಲಿ ಹೇಳಿದರು, "ಬಸ್. ಕೀಮೋ ಅಬ್ ನಹೀ ಲೇನಾ." ಕಣ್ಣು ಡಾಕ್ಟರಮ್ಮನ ಮೇಲೆ. ಸಾಕು, ಇನ್ನು ಕೀಮೋ ಬೇಡ ಅಂತ ಹೇಳಿದ್ದು ನನಗೆ. ತುಳುವಿನಲ್ಲಾದರೆ ಹೇಳಲು ಆಗುತ್ತಿರಲಿಲ್ಲ ಅವರಿಗೆ.

ಅವರು ಗುಣವಾಗಲೆಂದು ನಾನು ಹರಕೆ ಹೊತ್ತಿದ್ದೆ. "ಇನ್ನೊಂದು ಸಲ ನೋಡುವ," ಅಂದೆ.

"ಗುಣ ಆಗ್ತದೆ ಅಂತ ದೊಡ್ಡ ಆಸ್ಪತ್ರೆಯವರೂ ಹೇಳಿಲ್ಲ, ಕಾಕು. ಸ್ವಲ್ಪ ದಿನ ಹೆಚ್ಚು ಸಿಗಬಹುದು, ಅಷ್ಟೇ. ಆ ದಿನಗಳನ್ನು ಮಂಚದ ಮೇಲೆ ವಾಂತಿ ಮಾಡುತ್ತಾ ಕಳೆಯುವುದು ಬೇಡವಂತೆ ಅವರಿಗೆ. ನೋವಿಗೆ ನಾನಿದ್ದೇನೆ."

ಅವರ ಮುಖ ನೋಡಿದೆ. ಅವತ್ತು ತಲೆಯಾಡಿಸಿದವಳು ನಾನು.

ಡಾಕ್ಟರಮ್ಮ ಮನೆಗೆ ಬಂದು ನೋಡಿಕೊಂಡು ಹೋಗುತ್ತಿದ್ದರು. ನೋವು ತಗ್ಗಿತು, ನಿದ್ದೆ ಬಂತು. ಅಷ್ಟನ್ನಾದರೂ ದೇವರು ಕೊಟ್ಟ.

ತೀರಿಕೊಳ್ಳುವುದಕ್ಕೆ ಎರಡು ಮೂರು ದಿನ ಮೊದಲು, ಒಂದು ಮಧ್ಯಾಹ್ನ, ಗೋಡೆ ಹಿಡಿದುಕೊಂಡು ಅಡುಗೆಮನೆಗೆ ಬಂದರು. ಸೌಟು ಎತ್ತಿಕೊಂಡರು.

"ಕೂತ್ಕೋ ಮಾರಾಯ್ತಿ. ನೀನು ಉಣ್ಣುವುದನ್ನು ನಾನು ಸರಿಯಾಗಿ ನೋಡಿಯೇ ಇಲ್ಲ."

ಅವತ್ತು ಏಕಾದಶಿ. ಮದುವೆಯಾದಂದಿನಿಂದ ಏಕಾದಶಿಗೆ ನಾನು ಅನ್ನ ಮುಟ್ಟಿದವಳಲ್ಲ. ಅವರಿಗೆ ದಿನ, ವಾರ ನೆನಪಿರುತ್ತಿರಲಿಲ್ಲ. ನಾನು ಹೇಳಲೂ ಇಲ್ಲ, ಬಟ್ಟಲು ಇಟ್ಟುಕೊಂಡು ಕೂತೆ. ಅವರಿಗೆಂದು ಮಾಡಿದ ಮೆತ್ತಗಿನ ಅನ್ನ, ತಿಳಿಸಾರು. ಅವರು ಬಡಿಸುವಾಗ ಸಾರು ನೆಲಕ್ಕೂ ಚೆಲ್ಲಿತು. ನಾನು ಉಣ್ಣುವುದನ್ನೇ ನೋಡುತ್ತಾ ನಿಂತರು.

"ಇನ್ನು ಸ್ವಲ್ಪ?"

"ಹಾಕಿ," ಅಂದೆ.