ಕತ್ತಿಗೆ ಒಗ್ಗದ ಗಲ್ಲ

ಹೆಂಡತಿ ಬಸುರಿ ಎಂದು ಕೇಳಿ ಹಿಗ್ಗದ ಗಂಡ ಯಾರಿದ್ದಾನೆ? ಆದರೆ ಆ ಸುದ್ದಿಗೆ ಎರಡೂ ಕೈಯಿಂದ ತನ್ನ ಗಲ್ಲಗಳನ್ನು ನೇವರಿಸಿಕೊಂಡು, “ಬಚಾವಾದ್ರಿ ಕಣ್ರಪ್ಪಾ” ಎಂದು ಅವಕ್ಕೇ ಹೇಳಿ, ಆಫೀಸಿನ ಜಗಲಿಯ ಮೇಲೆ ಒಂದು ಸುತ್ತು ಕುಣಿದವನನ್ನು ನಾನು ಕಂಡಿದ್ದು ಒಬ್ಬನನ್ನೇ. ಅವನು ಕರಿಸಿದ್ದಪ್ಪ. ಮಾಡದಕೆರೆ ಕಡೆಯ ಕುರಿ ಸಾಕುವವರ ಮನೆಯ ಮಗ, ಹೊಸದುರ್ಗದ ನಮ್ಮ ಸರ್ಕಾರಿ ಆಫೀಸಿನಲ್ಲಿ ಜವಾನ. ನಾನು ಅಲ್ಲಿ ಗುಮಾಸ್ತ, ರಂಗಯ್ಯ. ಎಪ್ಪತ್ತನೆಯ ಇಸವಿಯಿಂದ ಎಪ್ಪತ್ತನಾಲ್ಕರವರೆಗೆ ಅವನ ಗಲ್ಲದ ಕಷ್ಟಸುಖವನ್ನೆಲ್ಲ ಎದುರು ಮೇಜಿನಲ್ಲಿ ಕೂತು ನೋಡಿದವನು.

ಆಳು ಆರಡಿ. ಎರಡು ಕುರಿಗಳನ್ನು ಎರಡು ಕಂಕುಳಲ್ಲಿ ಇರುಕಿಕೊಂಡು ಹಳ್ಳ ದಾಟಿದ ಮೈಕಟ್ಟು. ಗಡ್ಡದ ಕೂದಲು ಕಂಬಳಿಯಷ್ಟು ಒರಟು, ಅದರಡಿಯ ಚರ್ಮ ಮಾತ್ರ ಹಸುಗೂಸಿನದು. ಊರಲ್ಲಿದ್ದಾಗ ತಿಂಗಳಿಗೊಂದು ಕ್ಷೌರ, ಉಳಿದ ದಿನ ಗಡ್ಡ ತನ್ನ ಪಾಡಿಗೆ ತಾನು ಬೆಳೆಯುತ್ತಿತ್ತು. ನಮ್ಮ ಸಾಹೇಬರು ವರ್ಗವಾಗಿ ಬಂದ ಮೇಲೆ ಆ ಸುಖ ಹೋಯಿತು. ಜವಾನನ ಗಲ್ಲದ ಮೇಲೆ ನೊಣ ಕೂತರೆ ಜಾರಬೇಕು, ಅದೂ ದಿನಾಲೂ ಜಾರಬೇಕು ಎಂಬುದು ಅವರ ಕಟ್ಟಪ್ಪಣೆ. ಯಾವ ಕಾನೂನಿನಲ್ಲಿ ಹಾಗೆ ಬರೆದಿತ್ತೋ, ನಾನಂತೂ ಹುಡುಕಿ ನೋಡಿದೆ, ಸಿಗಲಿಲ್ಲ.

ಬಸ್ ಸ್ಟ್ಯಾಂಡಿನ ಹತ್ತಿರ ಮುನಿಯಪ್ಪನ ಕ್ಷೌರದಂಗಡಿ. ಬೆಳಗ್ಗೆ ಗಿರಾಕಿಗಳ ಸಾಲು. ಅವನು ತಣ್ಣೀರಲ್ಲಿ ಬ್ರಷ್ಷು ಅದ್ದಿ, ಸೋಪು ಹಚ್ಚಿದ ಶಾಸ್ತ್ರ ಮಾಡಿ, ಕತ್ತಿಯನ್ನು ಚರ್ಮದ ಪಟ್ಟಿಗೆ ಎರಡು ಸಲ ತಿಕ್ಕಿ, ಮೇಲಿಂದ ಕೆಳಗೆ ಒಮ್ಮೆ, ಕೆಳಗಿಂದ ಮೇಲೆ ಒಮ್ಮೆ ಎಳೆದು, ಪಟಿಕದ ಕಲ್ಲು ಉಜ್ಜಿ ಎಬ್ಬಿಸಿ ಕಳಿಸುತ್ತಿದ್ದ. ಬೇರೆಯವರಿಗೆ ಅದು ಕ್ಷೌರ. ಕರಿಸಿದ್ದಪ್ಪನಿಗೆ ಬೆಂಕಿ. ಹನ್ನೊಂದು ಗಂಟೆಗೆ ಗಲ್ಲ ಕೆಂಪಗಾಗುತ್ತಿತ್ತು, ಮಧ್ಯಾಹ್ನಕ್ಕೆ ಕುತ್ತಿಗೆಯವರೆಗೂ ಗುಳ್ಳೆ, ಸಂಜೆಗೆ ನವೆ. ಮರುದಿನ ಆ ಗುಳ್ಳೆಗಳ ತಲೆಯ ಮೇಲೇ ಮತ್ತೆ ಕತ್ತಿ. ಫೈಲು ತರಲು ಹೋದವನು ಬಾಗಿಲ ಚೌಕಟ್ಟಿಗೆ ಗಲ್ಲ ಉಜ್ಜಿಕೊಳ್ಳುತ್ತ ಕಣ್ಣು ಮುಚ್ಚಿ ನಿಂತುಬಿಡುತ್ತಿದ್ದ. ಅವನ ಮುಖದ ಆ ಪರಮಾನಂದ ನೋಡಿದ ಮೇಲೆ ಫೈಲು ಕೇಳಲು ಯಾರಿಗೂ ಮನಸ್ಸು ಬರುತ್ತಿರಲಿಲ್ಲ.

ಔಷಧಿ ಹೇಳುವುದಕ್ಕೆ ನಮ್ಮ ಜನಕ್ಕೇನು ಬಡತನ? ಆಫೀಸಿನ ಕಸ ಗುಡಿಸುವ ಬರಗೇರಮ್ಮ ಹುಳಿ ಮಜ್ಜಿಗೆ ಹಚ್ಚು ಎಂದಳು. ಹಚ್ಚಿದ, ಹೊಸದುರ್ಗದ ಅರ್ಧ ನೊಣ ನಮ್ಮ ಆಫೀಸಿಗೆ ಬಂದವು. ಅವು ಯಾವುವೂ ಜಾರಲಿಲ್ಲ. ಹಿರಿಯೂರಿನ ತೆಂಗಿನಕಾಯಿ ವ್ಯಾಪಾರಿಯೊಬ್ಬ ಕೊಬ್ಬರಿ ಎಣ್ಣೆ ಹಚ್ಚು ಎಂದ. ಹಚ್ಚಿದ, ರಸ್ತೆಯ ಧೂಳೆಲ್ಲ ಅಂಟಿಕೊಂಡು ಗಡ್ಡ ತೆಗೆಸಿಯೂ ಗಡ್ಡ ಬಿಟ್ಟವನಂತೆ ಕಂಡ. ಕಡೆಗೆ ನಾನೇ, ಎಲ್ಲ ಬಲ್ಲವನ ಹಾಗೆ, ಬೇವಿನೆಲೆ ಅರಿಶಿನ ಅರೆದು ಬಳಿದುಕೋ ಎಂದೆ. ಬಳಿದುಕೊಂಡು ಬಂದವನನ್ನು ನೋಡಿ ಆಫೀಸಿಗೆ ಬಂದವರೆಲ್ಲ, “ಹೆಣ್ಣು ಯಾವೂರುದಪ್ಪ?” ಎಂದು ಕೇಳಿದರು. ಮದುವೆಯಾಗಿ ವರ್ಷವಾಗಿದ್ದ ಅವನ ಹೆಂಡತಿ ಈರಕ್ಕ ಅದೇ ಹೊತ್ತಿಗೆ ಬುತ್ತಿ ತಂದಿದ್ದಳು. ಪ್ರಶ್ನೆ ಕಿವಿಗೆ ಬಿತ್ತು. ಬುತ್ತಿಯನ್ನು ಹಾಗೇ ತಿರುಗಿಸಿಕೊಂಡು ಮನೆಗೆ ಹೋದಳು.

ಇಂಥ ಸ್ಥಿತಿಯಲ್ಲಿ ಈರಕ್ಕ ಬಸುರಿಯಾದಳು. ಹೆಂಡತಿ ಬಸುರಿಯಾಗಿದ್ದಾಗ ಗಂಡ ಗಡ್ಡಕ್ಕೆ ಕತ್ತಿ ಮುಟ್ಟಿಸಬಾರದು ಎಂಬುದು ನಮ್ಮ ಕಡೆ ಹಿರಿಯರಿಂದ ಬಂದ ನಡೆ. ಸಾಹೇಬರು ಸರ್ಕಾರಕ್ಕೆ ಅಷ್ಟಾಗಿ ಹೆದರುವವರಲ್ಲ, ಶಾಸ್ತ್ರಕ್ಕೆ ಹೆದರುತ್ತಿದ್ದರು. “ಮುಟ್ಟಬೇಡ ಮಾರಾಯ, ಕತ್ತಿ ಮುಟ್ಟಬೇಡ” ಎಂದು ತಾವೇ ಹೇಳಿದರು. ಜಗಲಿಯ ಮೇಲೆ ಕುಣಿತ ನಡೆದದ್ದು ಆಗಲೇ. ತಿಂಗಳು ತಿಂಗಳಿಗೂ ಈರಕ್ಕನ ಹೊಟ್ಟೆ, ಇವನ ಗಡ್ಡ ಎರಡೂ ಬೆಳೆದವು. ಗುಳ್ಳೆ ಮಾಯವಾಯಿತು. ಮನುಷ್ಯ ಹಾಡಿಕೊಂಡು ಫೈಲು ಹೊತ್ತ.

ಹೆರಿಗೆಯಾಯಿತು, ಹನ್ನೊಂದನೆಯ ದಿನಕ್ಕೆ ಮತ್ತೆ ಮುನಿಯಪ್ಪನ ಕುರ್ಚಿ, ಮತ್ತೆ ಬೆಂಕಿ. ಮುಂದಿನ ವರ್ಷ ಇನ್ನೊಂದು ಬಸಿರು, ಇನ್ನೊಂದು ಗಡ್ಡ. ನಾಲ್ಕು ವರ್ಷಕ್ಕೆ ಮೂರು ಮಕ್ಕಳು. “ಗಲ್ಲಕ್ಕೆ ರಜ ಬೇಕಾತೇನಪ್ಪ?” ಎಂದು ನಾವು ಕೇಳುವುದು, ಅವನು ನಾಚಿ ಗಡ್ಡದೊಳಗೇ ನಗುವುದು. ಮಕ್ಕಳನ್ನು ಗಲ್ಲಕ್ಕಾಗಿ ಹುಟ್ಟಿಸಿದ ಎಂದು ನಾನು ಹೇಳುವುದಿಲ್ಲ. ಆದರೆ ಬೇಡ ಎನ್ನಲು ಅವನಿಗೆ ಯಾವ ಕಾರಣವೂ ಹೊಳೆಯಲಿಲ್ಲ ಎನ್ನುವುದು ನಿಜ.

ಮೂರನೆಯ ಹೆರಿಗೆ ಮನೆಯಲ್ಲೇ ಆಗಿ, ಈರಕ್ಕನಿಗೆ ರಕ್ತ ನಿಲ್ಲಲಿಲ್ಲ. ತೆಂಗಿನಕಾಯಿ ಲಾರಿಯೊಂದರಲ್ಲಿ ಮಲಗಿಸಿಕೊಂಡು ಚಿತ್ರದುರ್ಗದ ಆಸ್ಪತ್ರೆಗೆ ಓಡಿದರು. ಡಾಕ್ಟರಮ್ಮ ಜೀವ ಉಳಿಸಿಕೊಟ್ಟು, ಕರಿಸಿದ್ದಪ್ಪನನ್ನು ಹೊರಗೆ ಕರೆದು ಖಡಾಖಂಡಿತವಾಗಿ ಹೇಳಿದರು: ಇನ್ನೊಂದು ಬಸಿರು ನಿಂತರೆ ಈಕೆ ಉಳಿಯುವುದಿಲ್ಲ, ಮಕ್ಕಳಾಗದ ಆಪರೇಷನ್ ತಡೆದುಕೊಳ್ಳುವ ಶಕ್ತಿ ಈಕೆಗಿಲ್ಲ, ಗಂಡಸರದ್ದು ಸಣ್ಣದು, ನೀನು ಮಾಡಿಸಿಕೊ.

ಊರಿಗೆ ಬಂದ ಮೇಲೆ ಈರಕ್ಕ ಗಂಡನ ಹತ್ತಿರ ಸುಳಿಯುತ್ತಿರಲಿಲ್ಲ. ಅವನು ಚಾಪೆಯ ತುದಿಗೆ ಕೂತರೂ ಸಾಕು, ಕೂಸನ್ನೆತ್ತಿಕೊಂಡು ಒಳಗೆ ಹೋಗಿಬಿಡುವಳು.

“ನನ್ನ ಕಂಡ್ರೆ ಹೆದ್ರತಾಳ್ರಿ ರಂಗಯ್ಯಾರೆ” ಎಂದು ಕರಿಸಿದ್ದಪ್ಪ ನನ್ನ ಮೇಜಿನ ಮುಂದೆ ನಿಂತು ಕಣ್ಣೊರೆಸಿಕೊಂಡ. “ನಾನೇನು ಹುಲಿ ಏನ್ರಿ?”

“ಡಾಕ್ಟರಮ್ಮ ಹೇಳಿದ್ದು ಮಾಡಿಸಪ್ಪ. ಮತ್ತಿನ್ನೇನು ಯೋಚ್ನೆ? ಆಪರೇಷನ್ ಅಂದ್ರೆ ಭಯವೇನು?”

“ಅದಕ್ಯಾಕ್ರಿ ಭಯ?” ಎಂದವನು ಆಚೀಚೆ ನೋಡಿ, ಬಗ್ಗಿ, ನನ್ನ ಕಿವಿಯಲ್ಲಿ ಹೇಳಿದ: “ಅದಕ್ಕೂ ಮುಂಚೆ ಅಲ್ಲಿ ಕ್ಷೌರ ಮಾಡ್ತಾರಂತ್ರೀ! ಗಲ್ಲದಾಗೇ ಹಿಂಗಾದ್ರೆ, ಅಲ್ಲಿ ಗತಿಯೇನ್ರಿ?”

ನಾನು ನಕ್ಕ ನಗುವಿಗೆ ಮಸಿಕುಡಿಕೆ ಉರುಳಿ ಎರಡು ಫೈಲು ಹಾಳಾದವು. ಅವನ ಕಣ್ಣಲ್ಲಿ ಇನ್ನೂ ನೀರಿತ್ತು, ನನಗೆ ನಾಚಿಕೆಯಾಗಬೇಕಿತ್ತು. ಆಗಲಿಲ್ಲ, ಹೊಟ್ಟೆ ಹಿಡಿದುಕೊಂಡೇ ಕೂತಿದ್ದೆ.

ಅದೇ ವಾರ ಈರಕ್ಕನ ಅಪ್ಪ ಪಾಲಯ್ಯ ಮಗಳನ್ನು ನೋಡಲು ಬಂದ. ಅರವತ್ತು ವರ್ಷದಿಂದ ಕುರಿಯ ಉಣ್ಣೆ ಕತ್ತರಿಸಿದ ಕೈ. ಅಳಿಯನ ಜೊತೆ ಮುನಿಯಪ್ಪನ ಅಂಗಡಿಗೆ ಹೋಗಿ, ಮೂಲೆಯಲ್ಲಿ ಕುಕ್ಕರಗಾಲಲ್ಲಿ ಕೂತು ಕ್ಷೌರ ನೋಡಿದ. ಕತ್ತಿ ಕೆಳಗಿಂದ ಮೇಲಕ್ಕೆ ಹೊರಟಾಗ ಎದ್ದು ನಿಂತೇಬಿಟ್ಟ.

“ಲೇ, ಏನ್ ಮಾಡ್ತಿದೀಯಲೇ? ಕುರೀಗ್ ಹಿಂಗ್ ಮಾಡಿದ್ರೆ ಅದು ನಿನ್ನ ಗುದ್ದಿ ಓಡೋಗ್ತೈತೆ. ಇವ್ನು ಮನುಷ್ಯ ಅಂತ ಸುಮ್ನೆ ಕುಂತವ್ನೆ!”

“ಕುರೀನ ಸಾಹೇಬ್ರು ಮುಟ್ಟಿ ನೋಡ್ತಾರೇನಜ್ಜ? ನುಣ್ಣಗಾಗ್ಬೇಕಲ್ಲ” ಎಂದ ಮುನಿಯಪ್ಪ. ಆದರೂ ಮಾರನೆಯ ದಿನ ಭಾನುವಾರ, ಅಜ್ಜನ ಹಟಕ್ಕೆ ಸೋತು ಕತ್ತಿ ಹಿಡಿದುಕೊಂಡು ಕರಿಸಿದ್ದಪ್ಪನ ಮನೆಗೇ ಬಂದ. ನಾನು ಬಿಡುತ್ತೇನೆಯೇ? ನಾನೂ ಹೋದೆ. ಕೇರಿಗೆ ಕೇರಿಯೇ ಅಂಗಳದಲ್ಲಿ ನೆರೆದಿತ್ತು.

ಪಾಲಯ್ಯ ಅಳಿಯನನ್ನು ನೆಲಕ್ಕೆ ಕೂರಿಸಿ, ಹಳೇ ಅಭ್ಯಾಸದಂತೆ ಅವನ ತಲೆಯನ್ನು ಎರಡು ಮೊಣಕಾಲಿನ ನಡುವೆ ಅಮುಕಿಕೊಂಡ. ಬಿಸಿನೀರಲ್ಲಿ ಅದ್ದಿದ ಪಂಚೆಯನ್ನು ಮುಖಕ್ಕೆ ಸುತ್ತಿದ. “ಒಂದು ಬೀಡಿ ಮುಗಿಯೋಗಂಟ ನೆನೀಲಿ. ಕುರೀನೂ ಕೆರೇಗಿಳಿಸಿ ಮೈ ತೊಳೀದೆ ಕತ್ರಿ ಹಾಕಾಕಿಲ್ಲ ನಾವು” ಎಂದು ಬೀಡಿ ಹಚ್ಚಿದ. ಪಂಚೆಯೊಳಗಿಂದ “ಮಾವಾ, ಉಸ್ರು” ಎಂಬ ದನಿ ಬಂತು. ಬೀಡಿ ಮುಗಿಯುವವರೆಗೆ ಅದಕ್ಕೆ ಕಿವಿಗೊಡಲಿಲ್ಲ.

ಆಮೇಲೆ ಗಲ್ಲದ ಮೇಲೆ ಬೆರಳಾಡಿಸಿ ಕೂದಲು ಯಾವ ಕಡೆಗೆ ಮಲಗಿದೆ ಎಂದು ಹುಡುಕಿದ. ಗಲ್ಲದಲ್ಲಿ ಕೆಳಕ್ಕೆ, ಕುತ್ತಿಗೆಯಲ್ಲಿ ಓರೆಯಾಗಿ, ಗಂಟಲ ಕೆಳಗೆ ಮೇಲಕ್ಕೆ. “ಅದು ಮಲಗಿದ ಕಡೀಗೇ ಹೋಗ್ಬೇಕು. ಎದುರಿಗೆ ಹೋದ್ರೆ ಚರ್ಮ ಸಿಟ್ಟು ಮಾಡ್ಕಂತೈತೆ. ಒಂದೇ ಸಲ, ಮತ್ತೆ ಮುಟ್ಟಂಗಿಲ್ಲ.” ಮುನಿಯಪ್ಪನ ಕೈಯಲ್ಲಿ ಕತ್ತಿಯನ್ನು ಪಟ್ಟಿಗೆ ಮೂವತ್ತು ಸಲ ತಿಕ್ಕಿಸಿ, ಸೋಪನ್ನು ನೊರೆ ಉಕ್ಕುವಂತೆ ಹಚ್ಚಿಸಿ, ಕತ್ತಿ ಓಡಿಸಲು ಹೇಳಿದ. ಕರಿಸಿದ್ದಪ್ಪ ಹೆದರಿ ಕೊಸರಿದಾಗ, “ಹೊಯ್ ಹೊಯ್” ಎಂದು ಕುರಿಗೆ ಹೇಳುವಂತೆ ಹೇಳಿ ಬೆನ್ನು ತಟ್ಟಿದ. ಹೆಂಗಸರು ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ಈರಕ್ಕ ಮಾತ್ರ ಬಾಗಿಲ ಮರೆಯಲ್ಲಿ ನಗದೆ ನಿಂತಿದ್ದಳು. ಪಟಿಕದ ಕಲ್ಲಿಗೆ ಅಜ್ಜ ಅಪ್ಪಣೆ ಕೊಡಲಿಲ್ಲ. ತಣ್ಣೀರು ಚಿಮುಕಿಸಿ, ಉಜ್ಜದೆ ಒತ್ತಿ ಒರೆಸಿ ಬಿಟ್ಟ.

ಸೋಮವಾರ ಮುನಿಯಪ್ಪ ಅಜ್ಜ ಕಲಿಸಿದಂತೆಯೇ ಕ್ಷೌರ ಮಾಡಿದ. ಹನ್ನೊಂದಾಯಿತು, ಹನ್ನೆರಡಾಯಿತು. ಗಲ್ಲ ತಣ್ಣಗಿತ್ತು. ಸಂಜೆಯಾದರೂ ಒಂದು ಹೊಸ ಗುಳ್ಳೆಯಿಲ್ಲ. ನೊಣ ಜಾರುವಷ್ಟು ನುಣುಪೇನಿರಲಿಲ್ಲ, ಕೂತು ಎದ್ದುಹೋಗುವಷ್ಟಿತ್ತು. ಸಾಹೇಬರು ಕನ್ನಡಕ ಏರಿಸಿ ನೋಡಿ, ಆಗಬಹುದು ಎಂದು ತಲೆಯಾಡಿಸಿದರು. ಕರಿಸಿದ್ದಪ್ಪ ನಮ್ಮೆಲ್ಲರ ಕೈ ಹಿಡಿದು ತನ್ನ ಗಲ್ಲಕ್ಕೆ ಮುಟ್ಟಿಸಿಕೊಂಡು ಬಂದ. ಬರಗೇರಮ್ಮ ಒಬ್ಬಳು ಪೊರಕೆ ತೋರಿಸಿ ತಪ್ಪಿಸಿಕೊಂಡಳು.

ಗಲ್ಲದ ಕಥೆ ಮುಗಿಯಿತು, ಈರಕ್ಕನ ಭಯ ಹಾಗೇ ಇತ್ತು. ಹೊಳಲ್ಕೆರೆಯಲ್ಲಿ ಆಪರೇಷನ್ ಕ್ಯಾಂಪು ಎಂಬ ಸುದ್ದಿ ಬಂದಾಗ ಕರಿಸಿದ್ದಪ್ಪನ ಕಡೆಯವರೆಲ್ಲ ಅಡ್ಡ ಬಂದರು. ಬೀಜ ಒಡೆದ ಟಗರಿನಂತೆ ಕೊಬ್ಬಿ ಕೂತುಬಿಡುತ್ತಾನೆ, ಕೆಲಸಕ್ಕೆ ಬಾರದವನಾಗುತ್ತಾನೆ ಎಂದರು. ಟಗರಿನ ವಿಷಯ ಎಲ್ಲರಿಗಿಂತ ಬಲ್ಲವನು ಪಾಲಯ್ಯ. ಅವನು ನನ್ನನ್ನು ಒಂದೇ ಮಾತು ಕೇಳಿದ.

“ನೀವು ಓದಿದೋರು ಹೇಳ್ರಿ. ಇದು ಮಾಡಿಸಿದ್ರೆ ನನ್ನ ಮಗ್ಳು ಉಳೀತಾಳಾ?”

“ಉಳೀತಾಳೆ ಅಜ್ಜ.”

“ಹಂಗಾರೆ ಕೊಬ್ಬಲಿ ಬಿಡು” ಎಂದು ಎದ್ದು ಹೋದ.

ನಾನೇ ಜೊತೆಗೆ ಹೋದೆ. ಕ್ಯಾಂಪಿನಲ್ಲಿ ನಲವತ್ತು ಗಂಡಸರ ಸಾಲು, ಮೊದಲಿಗ ಕರಿಸಿದ್ದಪ್ಪನೇ, ಎಲ್ಲರ ಮುಖವೂ ಬೂದಿ ಬಡಿದಂತಿತ್ತು. ತಡಿಕೆಯ ಹಿಂದೆ ಒಬ್ಬನೇ ಕ್ಷೌರಿಕ, ಒಂದೇ ಲೋಟ ತಣ್ಣೀರು. “ಬಿಸಿನೀರು ಕೇಳು, ಮಾವ ಹೇಳಿದ್ದೆಲ್ಲ ಹೇಳು” ಎಂದು ನಾನು ಬೆನ್ನಿಗೆ ತಿವಿದೆ. ಅವನು ಬಾಯಿ ತೆರೆದ. ಹಿಂದೆ ತಿರುಗಿ ಸಾಲನ್ನು ನೋಡಿದ. ಮೊದಲನೆಯವನು ತಕರಾರು ತೆಗೆದರೆ ಹಿಂದಿನವರು ಹೊಳಲ್ಕೆರೆ ದಾಟಿ ಓಡುವಂತಿದ್ದರು. ಬಾಯಿ ಮುಚ್ಚಿ ಒಳಗೆ ಹೋದ. ಒಣಗತ್ತಿ ಮೇಲಕ್ಕೂ ಓಡಿತು, ಕೆಳಕ್ಕೂ ಓಡಿತು, ತಡಿಕೆಯಾಚೆಯಿಂದ ಒಂದು ಸೊಲ್ಲು ಬರಲಿಲ್ಲ. ಆಪರೇಷನ್ ಮುಗಿಸಿ ಹೊರಗೆ ಬಂದವನು ಸಾಲಿನವರಿಗೆಲ್ಲ, “ಏನಿಲ್ರಪ್ಪ, ಇರುವೆ ಕಚ್ದಂಗೆ” ಎಂದು ಧೈರ್ಯ ಹೇಳಿದ.

ಇರುವೆ ಅಲ್ಲ, ಇರುವೆಯ ಗೂಡು ಎಂದು ಹೊಸದುರ್ಗದ ಬಸ್ಸು ಹತ್ತಿದ ಮೇಲೆ ಗೊತ್ತಾಯಿತು. ಕೂರಲಾರ, ನಿಲ್ಲಲಾರ, ಕೆರೆಯಲಾರ. ಬಸ್ಸಿನ ಒಂದೊಂದು ಕುಲುಕಿಗೂ ಒಂದೊಂದು ದೇವರ ಹೆಸರು ಹೇಳಿದ. ಬಸ್ಸಿಳಿದು ಮನೆಗೆ ನಡೆಯುವಾಗ ಅವನ ಎರಡು ಕಾಲಿನ ನಡುವೆ ಒಂದು ಕುರಿಮರಿ ನುಸುಳಿ ಹೋಗಬಹುದಾಗಿತ್ತು.

ಈರಕ್ಕ ಜಗಲಿಯ ಮೇಲೆ ಚಾಪೆ ಹಾಸಿಕೊಂಡು ಕೂಸಿಗೆ ಎಣ್ಣೆ ಹಚ್ಚುತ್ತಿದ್ದಳು. ಗಂಡ ಬರುವ ನಡಿಗೆ ನೋಡಿ ಕೈ ನಿಂತಿತು.

“ಏನಾತು?”

“ಆಪರೇಷನ್ ಆತು. ಅದೇನಲ್ಲ. ಕ್ಷೌರ ಆತು ಕಣೆ, ಕ್ಷೌರ!” ಎಂದು ಅಳುಮೋರೆ ಮಾಡಿದ.

ಮೊದಲು ಅವಳ ತುಟಿ ಅಲುಗಿತು. ಆಮೇಲೆ ಭುಜ ಅಲುಗಿತು. ಆಮೇಲೆ ದುರ್ಗದ ಆಸ್ಪತ್ರೆಯಿಂದ ಬಂದಂದಿನಿಂದ ನಗದ ಹೆಂಗಸು ಗೋಡೆಗೆ ಒರಗಿ, ಕಣ್ಣಲ್ಲಿ ನೀರು ಸುರಿಯುವವರೆಗೆ ನಕ್ಕಳು. ಕೂಸೂ ಕೈಕಾಲು ಬಡಿಯಿತು. ನನಗೂ ತಡೆಯಲಾಗಲಿಲ್ಲ. ನಕ್ಕು ನಕ್ಕು ಸಾಕಾದ ಮೇಲೆ ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು, ಸ್ವಲ್ಪ ಸರಿದು, ಪಕ್ಕದಲ್ಲಿ ಚಾಪೆಯ ಮೇಲೆ ಕೈಯಿಂದ ತಟ್ಟಿದಳು.

“ಬಾ, ಇಲ್ಲೇ ಕುಂತ್ಕ.”

“ಕುಂತ್ಕಳಾಕ್ ಆಗಾಕಿಲ್ಲ ಕಣೆ” ಎಂದ ಕರಿಸಿದ್ದಪ್ಪ. ಹಾಗೆಂದು ಹಲ್ಲು ಕಚ್ಚಿ, ಕಂಬ ಹಿಡಿದು, ಅವಳ ಪಕ್ಕದಲ್ಲಿ ಕೂತ.