ರಾಜೇಶ್ವರದ ಗೇಟಿಗೆ ಬಿಳಿ ಗೆರೆ

ಹುಮನಾಬಾದಿನಿಂದ ಬಸವಕಲ್ಯಾಣಕ್ಕೆ ರೈಲು ಹಾಕಿದವಳು ನಾನು. ಸರಕಾರ ಹಾಕಲಿಲ್ಲ, ಹಾಕುತ್ತೇನೆಂದು ಹೇಳಲೂ ಇಲ್ಲ. ನಾನು ಹಾಕಿದೆ, ಕಂಪ್ಯೂಟರಿನೊಳಗೆ. ಇದನ್ನು ಹೇಳಿದರೆ ಜನ ನಗುತ್ತಾರೆ. ನಗಲಿ. ಕಂಬಿ, ಕಂಬ, ಬೇವಿನ ಗಿಡ, ರಸ್ತೆಯ ಮೇಲಿನ ಬಿಳಿ ಗೆರೆ ಎಲ್ಲವನ್ನೂ ಒಂದೊಂದಾಗಿ ಕೂಡಿಸಲು ನಾನು ಎಷ್ಟು ಕಣ್ಣು ಉರಿಸಿಕೊಂಡಿದ್ದೇನೆ ಎಂಬುದು ನಕ್ಕವರಿಗೇನು ಗೊತ್ತು?

ನಾನು ಹುಟ್ಟಿ ಬೆಳೆದದ್ದು ಬಸವಕಲ್ಯಾಣದಲ್ಲಿ. ತೊಂಬತ್ತರ ದಶಕದಲ್ಲಿ ನಮ್ಮ ಓಣಿಯ ಹುಡುಗಿಯರಿಗೆ ರೈಲೆಂದರೆ ಬೀದರಿಗೆ ಹೋದಾಗ ಕಣ್ಣಿಗೆ ಬಿದ್ದರೆ ಬಿತ್ತು. ಒಮ್ಮೆ ಅಪ್ಪ ನನ್ನನ್ನು ಅಲ್ಲಿಗೆ ಕರೆದುಕೊಂಡು ಹೋಗಿ, ಪ್ಲಾಟ್‌ಫಾರ್ಮ್ ಟಿಕೆಟ್ ತೆಗೆಸಿ, ರೈಲನ್ನು ಬರೀ ತೋರಿಸಿ ವಾಪಸು ಕರೆತಂದಿದ್ದ. ಹತ್ತದೇ ಬಂದೆನಲ್ಲ ಎಂಬ ಸಿಟ್ಟಿಗೆ ಬಸ್ಸಿನಲ್ಲಿ ದಾರಿಯುದ್ದಕ್ಕೂ ನಾನು ಮಾತಾಡಿರಲಿಲ್ಲ. ಮದುವೆಯಾಗಿ ಹುಮನಾಬಾದಿಗೆ ಬಂದ ಮೇಲೆ ನೋಡಿದರೆ ಇಲ್ಲಿ ಚಹಾದಂಗಡಿಯಲ್ಲೆಲ್ಲ ಬೀದರಿನಿಂದ ಬರಲಿರುವ ರೈಲಿನದೇ ಸುದ್ದಿ. ಇವತ್ತು ಬರುತ್ತದೆ, ನಾಳೆ ಬರುತ್ತದೆ. ಆದರೆ ಆ ಮಾತಿನಲ್ಲಿ ನನ್ನೂರು ಕಲ್ಯಾಣದ ಹೆಸರು ತಪ್ಪಿಯೂ ಬರುತ್ತಿರಲಿಲ್ಲ. ತವರಿಗೆ ಹೋಗಬೇಕೆಂದರೆ ಕಿಕ್ಕಿರಿದ ಬಸ್ಸಿನಲ್ಲಿ ಕಂಬಿ ಹಿಡಿದು ನಿಲ್ಲುವುದೊಂದೇ ನನ್ನ ಪಾಲಿಗೆ ಉಳಿದದ್ದು.

ಬಸ್ ಸ್ಟ್ಯಾಂಡಿನ ಹತ್ತಿರ ನನ್ನ ಗಂಡನ ಅಂಗಡಿ ಇತ್ತು. ಟೈಪಿಂಗ್, ಝೆರಾಕ್ಸ್, ಪಾಸ್‌ಪೋರ್ಟ್ ಫೋಟೋ, ಆಮೇಲೆ ಇಂಟರ್ನೆಟ್. ಎರಡು ಸಾವಿರದ ನಂತರದ ಯಾವುದೋ ವರ್ಷ ಅವರು ಹೈದರಾಬಾದಿನಿಂದ ರೈಲು ಓಡಿಸುವ ಆಟದ ಸೀಡಿ ತಂದರು. ಅದರಲ್ಲಿದ್ದದ್ದು ಹಿಮದ ಬೆಟ್ಟಗಳ ನಡುವೆ ಓಡುವ ಪರದೇಶದ ರೈಲು. ಗಂಡನಿಗೆ ಓಡಿಸುವುದೇ ಖುಷಿ. ನನ್ನ ಕಣ್ಣು ಬಿದ್ದದ್ದು ಬೇರೆ ಕಡೆ. ಆ ಆಟದಲ್ಲಿ ನಮಗೆ ಬೇಕಾದ ಕಡೆ ನಾವೇ ಹಳಿ ಹಾಕಿಕೊಳ್ಳಬಹುದಿತ್ತು. ಅವತ್ತೇ ನಿಶ್ಚಯಿಸಿಬಿಟ್ಟೆ, ಹುಮನಾಬಾದಿನಿಂದ ಹೊರಟು ನಡುದಾರಿಯ ರಾಜೇಶ್ವರ ದಾಟಿ ಕಲ್ಯಾಣ ಮುಟ್ಟಬೇಕು ಎಂದು.

ನನ್ನ ಅತ್ತೆ ಮಧ್ಯಾಹ್ನ ಊಟದ ಡಬ್ಬಿ ತಂದವರು ಹಿಂದೆ ಬಂದು ನಿಲ್ಲುತ್ತಿದ್ದರು.

"ಅದರೊಳಗ ಕಣ್ ನೆಟ್ಟು ಏನ್ ಮಾಡಾಕತ್ತಿ?"

"ರೈಲ್ ಹಾಕಾಕತ್ತೇನ್ರಿ ಅತ್ತಿ."

"ಎಲ್ಲಿಗಿ?"

"ಕಲ್ಯಾಣಕ್ಕ."

"ಹಾಕು, ಹಾಕು. ತವರಿಗಿ ಹೋಗಾಕ ಬಸ್ ಸಾಲವಲ್ದು ನಿನಗ."

ಅತ್ತೆಯ ಬಾಯಿ ನನ್ನ ಸಿಟ್ಟಿಗಿಂತ ಜೋರು. ಹಾಗಾಗಿಯೇ ನಮ್ಮಿಬ್ಬರಿಗೂ ಚೆನ್ನಾಗಿ ಹೊಂದಿತ್ತು.

ಇಂಥ ಆಟ ಆಡುವವರೆಲ್ಲ ಇಂಟರ್ನೆಟ್ಟಿನಲ್ಲಿ ಒಂದು ಕಡೆ ಕೂಡುತ್ತಿದ್ದರು. ಒಬ್ಬರು ಮರ ಮಾಡಿ ಇಟ್ಟರೆ ಇನ್ನೊಬ್ಬರು ಮನೆ, ಮತ್ತೊಬ್ಬರು ಸಿಗ್ನಲ್. ಬೇಕಾದವರು ಇಳಿಸಿಕೊಂಡು ತಮ್ಮ ದಾರಿಯ ಬದಿಗೆ ನಿಲ್ಲಿಸಬಹುದು. ಅವರಲ್ಲಿ ಪುಣೆಯವರೊಬ್ಬರು ನಮ್ಮ ದೇಶದ ರೈಲುದಾರಿಗಳನ್ನೆಲ್ಲ ಒಟ್ಟು ಮಾಡಿ ಒಂದು ಸೀಡಿ ಹೊರತರಲು ಹೊರಟಿದ್ದರು. ನನ್ನದನ್ನೂ ಕಳಿಸಿದೆ. ಇಲ್ಲದ ದಾರಿಯಾದರೂ ಅಡ್ಡಿಯಿಲ್ಲ, ಆದರೆ ನೋಡಿದವರು ಇದು ಇದೆ ಎಂದು ನಂಬಬೇಕು ಎಂಬುದು ಅವರ ಷರತ್ತು. ನನ್ನದು ವಾಪಸು ಬಂತು. ರಾಜೇಶ್ವರದ ಹತ್ತಿರ ರೈಲು ಹೆದ್ದಾರಿಯನ್ನು ದಾಟುವ ಕಡೆ ನಾನು ಗೇಟು ಇಟ್ಟಿದ್ದೆ. ಅಲ್ಲಿ ರಸ್ತೆಯ ಮೇಲೆ ಒಂದು ಗೆರೆಯೂ ಇಲ್ಲ, ಕರೀ ಬಟ್ಟೆ ಹಾಸಿದಂತಿದೆ, ಇಂಥದ್ದನ್ನು ಸೇರಿಸಲಾಗದು ಎಂದು ಬರೆದಿದ್ದರು. ಮೈಯೆಲ್ಲ ಉರಿಯಿತು. ಆದರೆ ಅವರು ಹೇಳಿದ್ದು ಖರೆ.

ಗೆರೆ ಹುಡುಕಲು ಕುಳಿತೆ. ಫೋನ್ ಲೈನಿನ ಇಂಟರ್ನೆಟ್ಟು, ಒಂದು ಚಿತ್ರ ಇಳಿಯುವಷ್ಟರಲ್ಲಿ ಚಹಾ ಕುಡಿದು ಲೋಟ ತೊಳೆದಿಡಬಹುದಿತ್ತು. ಅಮೆರಿಕದವರದು ನಡುವೆ ಜೋಡಿ ಹಳದಿ ಗೆರೆ. ಗೇಟಿನ ಮುಂದೆ ರಸ್ತೆ ತುಂಬ ದೊಡ್ಡದೊಂದು ಅಡ್ಡಗುರುತು, ಮಾಸ್ತರರು ತಪ್ಪು ಲೆಕ್ಕಕ್ಕೆ ಹಾಕುತ್ತಾರಲ್ಲ, ಹಾಗೆ. ಅಲ್ಲಿ ಗಾಡಿ ಓಡುವುದು ಬಲಕ್ಕೆ, ಬಾಣಗಳೆಲ್ಲ ಬಲಗಡೆ. ಇಂಗ್ಲೆಂಡಿನವರು ನಮ್ಮಂತೆ ಎಡಕ್ಕೇ ಹೋದರೂ ಜನ ದಾಟುವ ಕಡೆ ಅವರ ಗೆರೆ ಹಾವಿನಂತೆ ಸೊಟ್ಟಸೊಟ್ಟ. ಒಂದನ್ನು ಹಾಕಿ ನೋಡಿದರೆ ರಾಜೇಶ್ವರ ರಾಜೇಶ್ವರವಾಗಿ ಉಳಿಯಲಿಲ್ಲ. ಸಾಕೆನಿಸಿತು. ನಮ್ಮ ಊರ ರಸ್ತೆಯ ಗೆರೆ ನಮ್ಮ ಊರ ರಸ್ತೆಯಲ್ಲೇ ಇರುವಾಗ ನಾನ್ಯಾಕೆ ಪರದೇಶ ತಿರುಗಬೇಕು?

ಫೋಟೋ ತೆಗೆದು ತಂದು ಆಟದ ರಸ್ತೆಯ ಮೇಲೆ ಹಾಸಿದರಾಯಿತು ಎಂದು ಅಂಗಡಿಯ ಕ್ಯಾಮೆರಾ ತೆಗೆದುಕೊಂಡು ಹೊರಟೆ. ಅತ್ತೆಯೂ ಬಂದರು. ರಾಜೇಶ್ವರ ಅವರ ತವರು. ಅವರ ತಮ್ಮ ಅಲ್ಲಿ ಒಕ್ಕಲುತನ ಮಾಡಿಕೊಂಡಿದ್ದರು. ಬಸ್ಸಿಳಿದು ಹೆದ್ದಾರಿ ನೋಡಿದರೆ ನನ್ನ ಗೆರೆಗಳು ಅರ್ಧಕ್ಕರ್ಧ ಕಾಣೆ. ತೊಗರಿ ಕೊಯ್ಲಿನ ಕಾಲ. ಅರ್ಧ ರಸ್ತೆಗೆ ಉದ್ದಕ್ಕೂ ಕಾಯಿ ಸಮೇತ ತೊಗರಿ ಕಟ್ಟಿಗೆ ಹಾಸಿದ್ದಾರೆ, ನಡುಗೆರೆಯ ಗುಂಟ ಕಲ್ಲು ಸಾಲಿಟ್ಟಿದ್ದಾರೆ. ಮುಂಬೈ ಕಡೆಯ ಲಾರಿಗಳು ಅದರ ಮೇಲೇ ಹರಿದು ಹೋದಂತೆ ಕಾಯಿ ಒಡೆದು ಕಾಳು ಬೇರೆಯಾಗುತ್ತದೆ. ಎತ್ತು ಬೇಡ, ಕಣ ಬೇಡ. ನಮ್ಮ ಸೀಮೆಯಲ್ಲಿ ಆ ತಿಂಗಳು ರಸ್ತೆ ಅರ್ಧ ರೈತರದು. ಅಲ್ಲಿ ಹಾಸಿದ್ದು ಅತ್ತೆಯ ತಮ್ಮನ ತೊಗರಿಯೇ.

"ಮಾವ, ಇದರ ಕೆಳಗಿನ ಬಿಳಿ ಗೆರಿ ಬೇಕಾಗ್ಯಾದ್ರಿ. ಒಂದ್ ಜರಾ ಸರಸ್ರಿ," ಎಂದೆ.

ಅವರು ಕೈಯಲ್ಲಿದ್ದ ತೊಗರಿ ತಿರುವುವ ಕೋಲನ್ನು ನೆಲಕ್ಕೂರಿ ನನ್ನನ್ನೇ ನೋಡಿದರು. "ಗೆರಿ ವರ್ಷಾನಗಟ್ಲೆ ಇರ್ತದವಾ. ತೊಗರಿ ಇವತ್ತ ಬಡಿಬೇಕು."

ಅತ್ತೆ ತಮ್ಮನ ಪರ ನಿಂತರು. "ನಿನ್ನ ರೈಲ್ ಸಲುವಾಗಿ ರಾಶಿ ಬಿಡತಾರೇನು? ಇದ್ದದ್ದು ಇದ್ದಂಗ ಹೊಡಿ ಫೋಟೋ."

ಇದ್ದದ್ದು ಇದ್ದಂತೆ. ಅದೇ ತಾನೇ ಪುಣೆಯವರು ಕೇಳಿದ್ದು! ಒಂದು ಬದಿ ಬಿಳಿ ಗೆರೆಯ ಬೋಳು ಡಾಂಬರು, ಇನ್ನೊಂದು ಬದಿ ತೊಗರಿ, ನಡುವೆ ಕಲ್ಲಿನ ಸಾಲು. ಲಾರಿ ಬಂದಾಗ ಅತ್ತೆ ನನ್ನ ರಟ್ಟೆ ಹಿಡಿದು ಪಕ್ಕಕ್ಕೆ ಎಳೆಯುತ್ತಿದ್ದರು, ಹೋದ ಮೇಲೆ ನಾನು ಮತ್ತೆ ನಡುರಸ್ತೆಗೆ ಹೋಗಿ ಬಗ್ಗಿ ಫೋಟೋ ತೆಗೆಯುತ್ತಿದ್ದೆ. ರಸ್ತೆಯ ಫೋಟೋ ತೆಗೆಯುವ ಹೆಂಗಸನ್ನು ನೋಡಲು ಬಸ್ಸಿನವರೆಲ್ಲ ಕಿಟಕಿಗೆ ಬಂದರು.

ಫೋಟೋಗಳನ್ನು ಆಟದೊಳಗೆ ಹಾಸಿದ ಮೇಲೆ ನೋಡಬೇಕಿತ್ತು ನನ್ನ ರಸ್ತೆಯನ್ನು. ಥೇಟ್ ರಾಜೇಶ್ವರ. ಎದೆಯುಬ್ಬಿಸಿಕೊಂಡು ಪುಣೆಗೆ ಕಳಿಸಿದೆ. ಬಂದ ಉತ್ತರ ಓದಿ ಗಂಡ ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನು ತೊಗರಿಯನ್ನು ಈ ಕಡೆಯಿಂದ ಆ ಕಡೆಯವರೆಗೆ ಬಿಡದೆ ಹಾಸಿದ್ದೆ, ರೈಲಿನ ಹಳಿಗಳ ಮೇಲೂ. ನಿಮ್ಮ ಎಂಜಿನ್ನೂ ರಾಶಿ ಮಾಡುತ್ತದೆಯೇ ಎಂದು ಕೇಳಿದ್ದರು. ಏನು ಮಾಡುವುದು? ಹಳಿ ದಾಟುವ ರಸ್ತೆಯನ್ನು ನಾನು ನಿಂತು ನೋಡಿದವಳೇ ಅಲ್ಲ. ನಮಗೆ ರಸ್ತೆ ಎಂದರೆ ಬರೀ ರಸ್ತೆ, ಅಡ್ಡ ಬರುವ ರೈಲಿನ ಯೋಚನೆ ತಲೆಗೆ ಹೊಳೆದರೆ ತಾನೇ!

ಕೊನೆಗೆ ಪುಣೆಯವರು ಒಂದು ಬುದ್ಧಿಮಾತನ್ನೂ ಸೇರಿಸಿದ್ದರು. ಆ ಬೆಳೆಯನ್ನು ಪೂರಾ ತೆಗೆದುಬಿಡಿ, ಶುಚಿಯಾದ ರಸ್ತೆಗೆ ಬಿಳಿ ಗೆರೆ ಎಳೆಯಿರಿ, ಎಲ್ಲರೂ ಒಪ್ಪುತ್ತಾರೆ. ಸೀಡಿಗೆ ಹೆಚ್ಚು ದಿನ ಉಳಿದಿಲ್ಲ ಎಂದೂ ಇತ್ತು.

"ತೆಗದುಬಿಡು. ಯಾಕ ಪರೇಶಾನ್ ಆಗ್ತಿ?" ಎಂದರು ಗಂಡ.

"ಆ ತಿಂಗಳದಾಗ ರಾಜೇಶ್ವರದ ಸಡಕ್ ಖಾಲಿ ಇತ್ತಂದ್ರ ಅದು ರಾಜೇಶ್ವರನೇ ಅಲ್ರಿ. ತೆಗಿಯಂಗಿಲ್ಲ," ಎಂದೆ.

ತೊಗರಿಯನ್ನು ಹಳಿಯಿಂದ ಸಾಕಷ್ಟು ಹಿಂದಕ್ಕೆ ಸರಿಸಿದೆ. ಅಂಚಿಗೆ ಕಲ್ಲಿಟ್ಟೆ. ಗೇಟಿನ ಮುಂದೆ ಗಾಡಿ ನಿಲ್ಲಲು ಅಡ್ಡಗೆರೆ ಬೇಕು. ಫೋಟೋ ತೆಗೆಯಲು ಹತ್ತಿರದಲ್ಲೆಲ್ಲೂ ಗೇಟಿಲ್ಲ. ಹೆದ್ದಾರಿಯ ಅಂಚಿನ ಗೆರೆಯನ್ನೇ ಕತ್ತರಿಸಿ ಅಡ್ಡ ತಿರುಗಿಸಿದೆ. ಆಗ ಅದರ ಮೇಲಿದ್ದ ಟೈರಿನ ಕಲೆಗಳೂ ಅಡ್ಡ ತಿರುಗಿಬಿಟ್ಟವು. ಅವನ್ನೆಲ್ಲ ಒರೆಸಿ, ಗಾಡಿ ಹೋಗುವ ದಿಕ್ಕಿಗೆ ಹೊಸದಾಗಿ ಕಲೆ ಬಿಡಿಸಿದೆ. ಹೊಚ್ಚ ಬಿಳುಪು ಕಣ್ಣಿಗೆ ಹೊಡೆಯಿತೆಂದು ಧೂಳಿನ ಬಣ್ಣ ಕೂಡಿಸಿದೆ. ಮೊದಲೇ ಹೇಳಿದೆನಲ್ಲ, ನಗುವವರಿಗೆ ಇದೆಲ್ಲ ತಿಳಿಯದು.

ಪುಣೆಗೆ ಕಳಿಸುವ ಮುನ್ನ ಅತ್ತೆಗೆ ತೋರಿಸೋಣವೆಂದು ಕೂರಿಸಿದೆ. ಗಂಡ ಹುಮನಾಬಾದಿನಿಂದ ರೈಲು ಬಿಟ್ಟರು. ರಾಜೇಶ್ವರ ಬಂತು. "ಅಯ್ಯ, ನನ್ನ ತಮ್ಮನ ತೊಗರಿ!" ಎಂದು ಅತ್ತೆ ಪರದೆಗೆ ಬೆರಳು ಹಚ್ಚಿದರು. ಅಷ್ಟರಲ್ಲಿ ರೈಲು ಗೇಟು ದಾಟಿಬಿಟ್ಟಿತ್ತು.

"ಏ, ನಿಂದರಸೋ! ನನ್ನ ತವರು ಹಿಂದ ಹೋತು."

"ಅಲ್ಲಿ ಸ್ಟೇಷನ್ ಇಲ್ರಿ ಅತ್ತಿ," ಎಂದೆ.

ಅತ್ತೆ ನನ್ನ ಕಡೆ ತಿರುಗಿದರು. ದನಿ ಜೋರಿರಲಿಲ್ಲ. "ನಿನ್ನ ತವರಿಗಿ ರೈಲ್ ಹೊಂಟದ. ನನ್ನ ತವರು ಬರೇ ಗೇಟೇನು?"

ಮದುವೆಯಾಗಿ ಬಂದ ಇಷ್ಟು ವರ್ಷಗಳಲ್ಲಿ, ಈ ಹೆಂಗಸೂ ನನ್ನಂತೆಯೇ ಒಂದು ಊರು ಬಿಟ್ಟು ಬಂದವಳು ಎಂದು ನಾನು ಒಂದು ಗಳಿಗೆಯೂ ಯೋಚಿಸಿರಲಿಲ್ಲ.

ಸೀಡಿಗೆ ತಡವಾಗುತ್ತದೆ ಎಂದು ಪುಣೆಯವರು ಗೊಣಗಿದರು. ಒಂದು ಸ್ಟೇಷನ್ನು ಬಿಟ್ಟುಹೋಗಿದೆ, ಅದಿಲ್ಲದಿದ್ದರೆ ನನ್ನ ದಾರಿಯೇ ಬೇಡ ಎಂದು ಬರೆದೆ. ಕಾದರು. ಗೇಟಿನ ಆಚೆ ಒಂದು ಪ್ಲಾಟ್‌ಫಾರ್ಮ್, ಒಂದು ತಗಡಿನ ನೆರಳು, ಎರಡು ಬೇವಿನ ಗಿಡ, ಕಲ್ಲಿನ ಬೆಂಚು ಇಟ್ಟೆ. ಹಳದಿ ಹಲಗೆಯ ಮೇಲೆ ಕನ್ನಡದಲ್ಲಿ ದಪ್ಪಗೆ ರಾಜೇಶ್ವರ ಎಂದು ಬರೆದೆ. ಈ ಸಲ ವಾಪಸು ಬರಲಿಲ್ಲ. ಬೇರೆ ಊರುಗಳ ದಾರಿ ಮಾಡುವವರು ನನ್ನ ತೊಗರಿ ರಸ್ತೆಯನ್ನು ಕೇಳಿ ಇಳಿಸಿಕೊಳ್ಳತೊಡಗಿದರು. ಅವರ ಪಟ್ಟಿಯಲ್ಲಿ ಅದಕ್ಕೆ ಹುಮನಾಬಾದ್ ರಸ್ತೆ ಎಂದೇ ಹೆಸರಾಯಿತು. ಆಗಿನ್ನೂ ಒಂದು ರೈಲೂ ಬಾರದ ಊರು ನಮ್ಮದು, ರೈಲಿನ ಜನರ ಬಾಯಲ್ಲಿ ನಮ್ಮ ಹೆಸರು!

ಪುಣೆಯಿಂದ ಸೀಡಿ ಬಂದ ದಿನ ಅತ್ತೆ ಇಳಕಲ್ ಸೀರೆ ಉಟ್ಟು ಅಂಗಡಿಗೆ ಬಂದರು. ಗಂಡ ರೈಲು ಬಿಟ್ಟರು. ಗೇಟು ಬಂತು, ಬಿಳಿ ಗೆರೆಯ ಹಿಂದೆ ಲಾರಿಗಳು ನಿಂತಿದ್ದವು, ತೊಗರಿ ಹಾಸಿತ್ತು. ರೈಲು ನಿಧಾನವಾಗಿ ಹಳದಿ ಹಲಗೆಯ ಹತ್ತಿರ ಹೋಗಿ ನಿಂತಿತು. ಅತ್ತೆ ಕುರ್ಚಿಯಿಂದ ಎದ್ದರು. ಸೆರಗು ಸರಿಮಾಡಿಕೊಂಡರು. ಕಾಲ ಬಳಿ ಇಟ್ಟಿದ್ದ ಕೈಚೀಲ ಎತ್ತಿಕೊಂಡರು.

"ನಮ್ಮೂರ ಬಂತು. ನಾ ಇಳೀತೀನಿ," ಎಂದರು.

ಗಂಡ ಜೋರಾಗಿ ನಕ್ಕರು. ನಾನು ಕುರ್ಚಿ ಸರಿಸಿ ಅತ್ತೆಗೆ ಇಳಿಯಲು ದಾರಿ ಬಿಟ್ಟೆ.